ಕಡಲ ಹುಲ್ಲಿನ ಸೋಡಿಯಂ ಲೆಕ್ಕ

ಕಡಲ ಸಸ್ಯಗಳ ಮಾತು ಬಂದಾಗಲೆಲ್ಲ ನನಗೆ ಎದುರಾಗುವ ಮೊದಲ ಪ್ರಶ್ನೆ ಒಂದೇ: ಅಷ್ಟೊಂದು ಉಪ್ಪನ್ನು ಅವು ಹೇಗೆ ತಾಳಿಕೊಳ್ಳುತ್ತವೆ? ಪ್ರಶ್ನೆ ಸಹಜವಾದದ್ದೇ. ಬಹುಪಾಲು ಬೆಳೆಗಳು 100 ಮಿಲಿಮೋಲಾರ್ (ಕರಗಿರುವ ವಸ್ತುವಿನ ಸಾಂದ್ರತೆಯ ಅಳತೆ) ಉಪ್ಪಿರುವ ನೀರಿನಲ್ಲೇ ಸೊರಗಿಹೋಗುತ್ತವೆ. ಕಡಲನೀರಿನಲ್ಲಿ ಸೋಡಿಯಂ ಒಂದೇ 470 ಮಿಲಿಮೋಲಾರ್ ಇದೆ, ಕ್ಲೋರೈಡ್ 550ರ ಆಸುಪಾಸಿನಲ್ಲಿದೆ. ಆದರೆ ಅಂಥ ನೀರಿನಲ್ಲಿ ಬೆಳೆದ ಎಲೆಯ ಜೀವಕೋಶಗಳಿಗೆ ಗಾಜಿನ ಸೂಜಿ ಚುಚ್ಚುತ್ತ ಕೆಲವು ತಿಂಗಳು ಕಳೆದ ಮೇಲೆ ಆ ಪ್ರಶ್ನೆಯೇ ನನಗೆ ಅರೆಬರೆ ಎನಿಸತೊಡಗಿತು. ಕಡಲ ಹುಲ್ಲು ತನ್ನ ಸುತ್ತಲಿನ ಸೋಡಿಯಂ ಅನ್ನು ದುಡಿಸಿಕೊಳ್ಳುತ್ತದೆ. ಹಾಗೆ ದುಡಿಸಿಕೊಳ್ಳಬೇಕಾದರೆ ಅದನ್ನು ಬಾಗಿಲಾಚೆಯೇ ನಿಲ್ಲಿಸಿರಬೇಕು. ಈ ಬರಹ ಆ ಲೆಕ್ಕಾಚಾರದ ಬಗ್ಗೆ.

ಲೆಕ್ಕವನ್ನು ಹುಲ್ಲಿನಿಂದಲ್ಲದೆ ಒಂದು ಪಾಚಿಯಿಂದ ಶುರುಮಾಡುವುದು ಅನುಕೂಲ. ವಲೋನಿಯಾ ಎಂಬ ಹಸಿರು ಪಾಚಿಯನ್ನು ನೋಡಿದರೆ ಯಾರೋ ಮಕ್ಕಳು ಬಿಟ್ಟುಹೋದ ಗಾಜಿನ ಗೋಲಿಯಂತಿರುತ್ತದೆ, ಅಡ್ಡಳತೆ ಒಂದೆರಡು ಸೆಂಟಿಮೀಟರ್. ಒಳಗೆ ಅನೇಕ ಕೋಶಕೇಂದ್ರಗಳಿದ್ದರೂ ನಡುವೆ ಗೋಡೆಗಳಿಲ್ಲದ ಕಾರಣ ಆ ಇಡೀ ಗೋಲಿಯೇ ಒಂದು ಜೀವಕೋಶ. ಅದರ ಬಹುಭಾಗವನ್ನು ರಸದಾನಿ ಎಂಬ ರಸ ತುಂಬಿದ ಚೀಲ ತುಂಬಿಕೊಂಡಿದ್ದು, ಜೀವಂತ ಕೋಶದ್ರವ್ಯ ಗೋಡೆಯ ಒಳಮೈಗೆ ತೆಳುವಾಗಿ ಬಳಿದಂತೆ ಅಂಟಿಕೊಂಡಿರುತ್ತದೆ. ಸೂಜಿಯಿಂದ ಚುಚ್ಚಿ ರಸವನ್ನು ಹೊರತೆಗೆದು, ಅದರಲ್ಲಿ ಏನೇನಿದೆ ಎಂದು ಸಾಮಾನ್ಯ ರಾಸಾಯನಿಕ ವಿಧಾನದಿಂದಲೇ ಅಳೆಯಬಹುದಾದಷ್ಟು ದೊಡ್ಡ ಜೀವಕೋಶಗಳು ಪ್ರಕೃತಿಯಲ್ಲಿ ತೀರ ಕಡಿಮೆ. 1920ರ ದಶಕದಲ್ಲಿ ವಿಂತ್ರಾಪ್ ಆಸ್ಟರ್‌ಹೌಟ್ ಬರ್ಮುಡಾದ ವಲೋನಿಯಾಗಳ ಮೇಲೆ ಇದನ್ನೇ ಮಾಡಿದರು. ರಸದಲ್ಲಿ ಪೊಟ್ಯಾಸಿಯಂ ಸುಮಾರು 500 ಮಿಲಿಮೋಲಾರ್ ಇತ್ತು; ಹೊರಗಿನ ಕಡಲಿನಲ್ಲಿ ಅದು ಕೇವಲ ಹತ್ತು ಹನ್ನೆರಡು. ಸೋಡಿಯಂ ಮಾತ್ರ ತದ್ವಿರುದ್ಧ: ಹೊರಗೆ ಐನೂರರ ಹತ್ತಿರ, ಒಳಗೆ ನೂರಕ್ಕೂ ಕಡಿಮೆ.

ಇಷ್ಟನ್ನೇ ನೋಡಿದ್ದರೆ ‘ಕಡಲ ಸಸ್ಯಗಳು ಪೊಟ್ಯಾಸಿಯಂ ಕೂಡಿಡುತ್ತವೆ’ ಎಂದು ಷರಾ ಬರೆದು ಮುಗಿಸಬಹುದಿತ್ತು. ಆದರೆ ವಲೋನಿಯಾವನ್ನೇ ಹೋಲುವ, ಅದೇ ಕಡಲಿನ ಹಾಲಿಸಿಸ್ಟಿಸ್ ಎಂಬ ಇನ್ನೊಂದು ಗೋಲಿಯ ರಸವನ್ನು ಅಳೆದಾಗ ಅದು ಸೋಡಿಯಂನಿಂದ ತುಂಬಿತ್ತು. ಸಂಯೋಜನೆ ಕಡಲನೀರಿಗೆ ತೀರ ಹತ್ತಿರವಿತ್ತು. (ಈ ಹಾಲಿಸಿಸ್ಟಿಸ್ ಪ್ರತ್ಯೇಕ ಸಸ್ಯವೇ ಅಲ್ಲ, ಡರ್ಬೇಸಿಯಾ ಎಂಬ ಎಳೆಎಳೆಯಾದ ಪಾಚಿಯ ಜೀವನಚಕ್ರದ ಒಂದು ಹಂತ ಎಂಬುದು 1938ರಲ್ಲಿ ಗೊತ್ತಾಯಿತು. ಅಷ್ಟರಲ್ಲಿ ಆ ಹೆಸರಿನಲ್ಲಿ ಸಾಕಷ್ಟು ಪ್ರಬಂಧಗಳು ಅಚ್ಚಾಗಿದ್ದವು.) ನೀರು ಒಂದೇ, ಆಕಾರ ಒಂದೇ, ಒಳಗಿನ ರಸ ಮಾತ್ರ ಬೇರೆ ಬೇರೆ. ಹಾಗಾದರೆ ಏನು ಒಳಗೆ ಬರಬೇಕು, ಏನು ಬರಬಾರದು ಎಂಬುದನ್ನು ಕಡಲು ತೀರ್ಮಾನಿಸುತ್ತಿಲ್ಲ, ಜೀವಕೋಶದ ಪೊರೆ ತೀರ್ಮಾನಿಸುತ್ತಿದೆ ಎಂದಾಯಿತು. ಇನ್ನೊಂದು ಸಂಗತಿಯನ್ನು ಇಲ್ಲಿಯೇ ಹೇಳಿಬಿಡಬೇಕು: ರಸದಾನಿಯಲ್ಲಿ ಏನನ್ನೇ ತುಂಬಿಕೊಂಡರೂ, ಎರಡೂ ಪಾಚಿಗಳ ಕೋಶದ್ರವ್ಯದಲ್ಲಿ ಪೊಟ್ಯಾಸಿಯಂ ಹೆಚ್ಚು, ಸೋಡಿಯಂ ಕಡಿಮೆ. ಪ್ರೋಟೀನ್ ತಯಾರಿಕೆಯಿಂದ ಹಿಡಿದು ಅನೇಕ ಕಿಣ್ವಗಳವರೆಗೆ ಎಲ್ಲವೂ ಪೊಟ್ಯಾಸಿಯಂಗೆ ಒಗ್ಗಿಹೋಗಿವೆ. ಉಪ್ಪುನೆಲದ ಸಸ್ಯಗಳ ಕಿಣ್ವಗಳನ್ನು ಹೊರತೆಗೆದು ಪ್ರನಾಳದಲ್ಲಿ ಪರೀಕ್ಷಿಸಿದರೆ ಅವು ಸಾಮಾನ್ಯ ಸಸ್ಯಗಳ ಕಿಣ್ವಗಳಷ್ಟೇ ಬೇಗ ಉಪ್ಪಿಗೆ ಸೋಲುತ್ತವೆ. ಉಪ್ಪಿನಲ್ಲಿ ಬಾಳುವ ಸಸ್ಯವೂ ಒಳಗೊಳಗೆ ಉಪ್ಪನ್ನು ಸಹಿಸದು.

ವಲೋನಿಯಾ ಅಷ್ಟು ಪೊಟ್ಯಾಸಿಯಂ ಯಾಕೆ ತುಂಬಿಕೊಳ್ಳುತ್ತದೆ ಎಂಬುದಕ್ಕೆ ಉತ್ತರ ಒತ್ತಡದಲ್ಲಿದೆ. ಒಳಗಿನ ದ್ರಾವಣ ಹೊರಗಿನದಕ್ಕಿಂತ ಸ್ವಲ್ಪ ಹೆಚ್ಚು ಸಾಂದ್ರವಾಗಿದ್ದರೆ ಮಾತ್ರ ನೀರು ಅಭಿಸರಣೆಯಿಂದ ಒಳಬಂದು ಗೋಡೆಯನ್ನು ಬಿಗಿಯಾಗಿ ಒತ್ತಿ ಹಿಡಿಯುತ್ತದೆ. ಆ ಬಿಗಿತವಿಲ್ಲದೆ ಬೆಳವಣಿಗೆಯಿಲ್ಲ. 1968ರಲ್ಲಿ ಜಾನ್ ಗುಟ್‌ನೆಕ್ಟ್ ಈ ಪಾಚಿಯ ಒಳಗಿನ ಒತ್ತಡವನ್ನು ತಾವೇ ಹೊರಗಿನಿಂದ ಏರಿಸಿ ಇಳಿಸಿ ನೋಡಿ, ಅಲ್ಪ ಒತ್ತಡ ಹೆಚ್ಚಾದರೂ ಪೊಟ್ಯಾಸಿಯಂ ಸೇವನೆ ಕುಗ್ಗುತ್ತದೆ ಎಂದು ತೋರಿಸಿದರು. ಮರುವರ್ಷ ಉಲ್ರಿಚ್ ಝಿಮ್ಮರ್ಮನ್ ಮತ್ತು ಸಂಗಡಿಗರು ಒಂದೇ ಜೀವಕೋಶದ ಒತ್ತಡವನ್ನು ಬಿಡುವಿಲ್ಲದೆ ಅಳೆಯುವ ಸಾಧನವನ್ನು ಸಿದ್ಧಪಡಿಸಿದರು. ಮಳೆ ಸುರಿದು ದಡದ ನೀರಿನ ಉಪ್ಪು ಕಡಿಮೆಯಾದರೆ ಒಳಗೆ ನೀರು ನುಗ್ಗಿ ಒತ್ತಡ ಏರುತ್ತದೆ, ಆಗ ಅಯಾನುಗಳ (ವಿದ್ಯುದಾವೇಶ ಹೊತ್ತ ಕಣಗಳ) ಸೇವನೆ ತಗ್ಗಿ ಸೋರಿಕೆ ಹೆಚ್ಚುತ್ತದೆ. ಬಿಸಿಲಿಗೆ ನೀರು ಆವಿಯಾಗಿ ಉಪ್ಪು ಗಟ್ಟಿಯಾದರೆ ಒತ್ತಡ ಇಳಿದು ಸೇವನೆ ಮತ್ತೆ ಚುರುಕಾಗುತ್ತದೆ. ಪೊರೆ ಒತ್ತಡವನ್ನು ‘ಓದಿ’ ಅಯಾನುಗಳ ಸಾಗಣೆಯನ್ನು ಬದಲಾಯಿಸುತ್ತದೆ ಎಂಬ ಈ ಸಂಗತಿ ನನಗೆ ಇಂದಿಗೂ ಈ ಕ್ಷೇತ್ರದ ಅತ್ಯಂತ ಸುಂದರ ಫಲಿತಾಂಶಗಳಲ್ಲೊಂದು.

ಕಡಲಕಳೆಗಳ ಪೊಟ್ಯಾಸಿಯಂ ದಾಹ ಪ್ರಯೋಗಾಲಯಕ್ಕಷ್ಟೇ ಸೀಮಿತವಾದ ಸಂಗತಿಯಲ್ಲ. ಮೊದಲ ಮಹಾಯುದ್ಧದ ವೇಳೆ ಜರ್ಮನಿಯ ಪೊಟ್ಯಾಷ್ ಬರುವುದು ನಿಂತಾಗ ಅಮೆರಿಕದವರು ಕ್ಯಾಲಿಫೋರ್ನಿಯಾದ ಕರಾವಳಿಯ ದೈತ್ಯ ಕೆಲ್ಪ್ ಕಳೆಯನ್ನು ಕೊಯ್ದು ಅದರಿಂದಲೇ ಪೊಟ್ಯಾಷ್ ತೆಗೆದರು. ಕಡಲಿನಲ್ಲಿ ಪೊಟ್ಯಾಸಿಯಂಗಿಂತ ಸೋಡಿಯಂ ಸುಮಾರು ನಲವತ್ತೈದು ಪಟ್ಟು ಹೆಚ್ಚಿದ್ದರೂ ಗೊಬ್ಬರಕ್ಕಾಗುವಷ್ಟು ಪೊಟ್ಯಾಷ್ ಕಳೆಯಲ್ಲಿ ಸಿಕ್ಕಿದ್ದು ಪೊರೆಯ ಆಯ್ಕೆಗೆ ಸಿಕ್ಕ ದೊಡ್ಡ ಸಾಕ್ಷಿ. 1811ರಲ್ಲಿ ಬರ್ನಾರ್ಡ್ ಕೂರ್ಟ್ವಾ ಕಡಲಕಳೆಯ ಬೂದಿಯಲ್ಲಿ ಅಯೋಡಿನ್ ಕಂಡುಹಿಡಿದದ್ದೂ ಇದೇ ಜಾತಿಯ ಕಥೆ. ಕಡಲಿನಲ್ಲಿ ಮೈಕ್ರೋಮೋಲಾರ್‌ನ ಅರ್ಧದಷ್ಟೂ ಇಲ್ಲದ ಅಯೋಡಿನ್ ಅನ್ನು ಲ್ಯಾಮಿನೇರಿಯಾ ಕಳೆ ಸಾವಿರಾರು ಪಟ್ಟು ಸಾಂದ್ರಗೊಳಿಸಿಕೊಂಡಿರುತ್ತದೆ.

ಇನ್ನು ಹುಲ್ಲಿಗೆ ಬರೋಣ. ಕಡಲ ಹುಲ್ಲುಗಳು ಪಾಚಿಗಳಲ್ಲ. ಬೇರು, ಕಾಂಡ, ಎಲೆ, ಹೂವು ಎಲ್ಲ ಇರುವ ಏಕದಳ ಸಸ್ಯಗಳು. ನೆಲದ ಮೇಲೆ ಬಾಳಿದ ಪೂರ್ವಜರಿಂದ ಬಂದು, ಒಂದಕ್ಕಿಂತ ಹೆಚ್ಚು ಸಲ ಬೇರೆ ಬೇರೆಯಾಗಿ ಕಡಲಿಗೆ ಮರಳಿದ ವಂಶಗಳಿವು. ಅವುಗಳಲ್ಲಿ ಹೆಚ್ಚು ಅಧ್ಯಯನಕ್ಕೆ ಒಳಗಾದದ್ದು ಝೋಸ್ಟೆರಾ ಮರೀನಾ. 2016ರಲ್ಲಿ ಅದರ ಜೀನೋಮ್ ಪ್ರಕಟವಾದಾಗ, ಎಲೆಯ ಪತ್ರರಂಧ್ರಗಳನ್ನು ರೂಪಿಸುವ ವಂಶವಾಹಿಗಳೇ ಅದರಲ್ಲಿ ಅಳಿಸಿಹೋಗಿದ್ದು ಕಂಡುಬಂತು. ನೆಲದಿಂದ ತಂದ ಸಾಮಾನಿನಲ್ಲಿ ಬೇಡದ್ದನ್ನು ಬಿಸಾಡಿ, ಬೇಕಾದದ್ದನ್ನು ತಿದ್ದಿಕೊಂಡ ಸಸ್ಯ ಇದು. ಅಯಾನು ಸಾಗಣೆಯಲ್ಲಿಯೂ ಹಾಗೆಯೇ.

ಪೊರೆಯ ವಿದ್ಯುತ್ತನ್ನು ಅಳೆಯುವ ಕೆಲಸ ಹೇಗಿರುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಮುಂದಿನ ಅಂಕಿಗಳೆಲ್ಲ ನಿಂತಿರುವುದು ಅದರ ಮೇಲೆ. ತೆಳ್ಳಗಿನ ಗಾಜಿನ ನಳಿಕೆಯ ನಡುವನ್ನು ಕಾಯಿಸಿ ಎರಡೂ ಕಡೆಯಿಂದ ಎಳೆದರೆ ಅದು ಎರಡು ಸೂಜಿಗಳಾಗಿ ಬೇರ್ಪಡುತ್ತದೆ. ಅದರ ತುದಿ ಒಂದು ಮೈಕ್ರೋಮೀಟರಿಗಿಂತ ಸಣ್ಣದು, ಬರಿಗಣ್ಣಿಗೆ ಕಾಣಿಸದು. ಅದರೊಳಗೆ ಪೊಟ್ಯಾಸಿಯಂ ಕ್ಲೋರೈಡಿನ ಗಾಢ ದ್ರಾವಣ ತುಂಬಿ, ಬೆಳ್ಳಿಯ ತಂತಿ ಇಳಿಸಿ, ಸೂಕ್ಷ್ಮದರ್ಶಕದಡಿ ಎಲೆಯ ತುಂಡಿನ ಕಡೆಗೆ ಕೂದಲೆಳೆಯಷ್ಟೇ ಮುಂದಕ್ಕೆ ತಿರುಗಿಸುತ್ತ ಹೋಗಬೇಕು. ತುದಿ ಗೋಡೆಗೆ ತಾಗಿದಾಗ ಗೋಡೆ ಸ್ವಲ್ಪ ಒಳಕ್ಕೆ ತಗ್ಗುತ್ತದೆ. ಇನ್ನೊಂದಿಷ್ಟು ಮುಂದೂಡಿ ಮೇಜನ್ನು ಬೆರಳಿನಿಂದ ಮೆಲ್ಲಗೆ ತಟ್ಟಿದರೆ ಸೂಜಿ ಒಳಹೊಕ್ಕು, ವೋಲ್ಟೇಜ್ ದಾಖಲಿಸುವ ಸಾಧನದಲ್ಲಿ ಸೊನ್ನೆಯಲ್ಲಿದ್ದ ಗೆರೆ ಒಮ್ಮೆಲೇ ಕೆಳಗೆ ಧುಮುಕುತ್ತದೆ: ಮೈನಸ್ 90, ಮೈನಸ್ 130, ಕೊನೆಗೆ ಮೈನಸ್ 155 ಮಿಲಿವೋಲ್ಟ್ ಹತ್ತಿರ ನಿಂತುಕೊಳ್ಳುತ್ತದೆ. ನಿಂತಿತು ಎಂದು ಉಸಿರು ಬಿಡುವಷ್ಟರಲ್ಲಿ ಪಕ್ಕದ ಕೋಣೆಯಲ್ಲಿ ಯಾರೋ ಬಾಗಿಲು ದಢಾರನೆ ಹಾಕುತ್ತಾರೆ, ಗೆರೆ ಸೊನ್ನೆಗೆ ಮರಳುತ್ತದೆ, ಜೀವಕೋಶ ಹೋಯಿತು. ನನ್ನ ಟಿಪ್ಪಣಿ ಪುಸ್ತಕದಲ್ಲಿ ‘ಬಾಗಿಲು’ ಎಂಬ ಒಂದೇ ಪದ ಬರೆದ ಪುಟಗಳು ಹಲವಿವೆ.

155 ಮಿಲಿವೋಲ್ಟ್ ಎಂದರೆ ಕೇಳಲು ಏನೂ ಅಲ್ಲ. ಆದರೆ ಅದು ಬಿದ್ದಿರುವುದು ಏಳೆಂಟು ನ್ಯಾನೋಮೀಟರ್ ದಪ್ಪದ ಪೊರೆಯ ಅಡ್ಡಕ್ಕೆ; ಮೀಟರಿಗೆ ಲೆಕ್ಕ ಹಾಕಿದರೆ ಎರಡು ಕೋಟಿ ವೋಲ್ಟ್. ಒಣ ಗಾಳಿಯಲ್ಲಿ ಕಿಡಿ ಹಾರಲು ಮೀಟರಿಗೆ ಮೂವತ್ತು ಲಕ್ಷ ವೋಲ್ಟ್ ಸಾಕು. ಈ ವಿಭವವನ್ನು, ಅಂದರೆ ಪೊರೆಯ ಒಳಹೊರಗಿನ ವೋಲ್ಟೇಜನ್ನು, ಕಟ್ಟಿ ನಿಲ್ಲಿಸುವುದು ಪೊರೆಯಲ್ಲಿರುವ ಪ್ರೋಟಾನ್ ಪಂಪ್: ಜೀವಕೋಶಕ್ಕೆ ಶಕ್ತಿ ಒದಗಿಸುವ ಎಟಿಪಿ ಎಂಬ ಅಣುವನ್ನು ಒಡೆದು, ಒಂದೊಂದೇ ಪ್ರೋಟಾನ್ (ಹೈಡ್ರೋಜನ್ ಅಯಾನು) ಅನ್ನು ಹೊರಕ್ಕೆ ತಳ್ಳುವ ಪ್ರೋಟೀನ್. ಎಟಿಪಿ ತಯಾರಿಯನ್ನು ನಿಲ್ಲಿಸುವ ವಿಷ ಹಾಕಿದರೆ ಗೆರೆ ಮೇಲಕ್ಕೇರುತ್ತದೆ. ನೆಲದ ಸಸ್ಯಗಳದ್ದೂ ಇದೇ ಪಂಪ್. ಪ್ರಾಣಿಗಳ ಜೀವಕೋಶದಲ್ಲಿ ಈ ಯಜಮಾನಿಕೆ ಸೋಡಿಯಂ-ಪೊಟ್ಯಾಸಿಯಂ ಪಂಪಿನದು.

ಎಲ್ಲ ಕಡಲ ಸಸ್ಯಗಳೂ ಪ್ರೋಟಾನ್ ಅನ್ನೇ ನಂಬಿಕೊಂಡಿಲ್ಲ ಎಂಬುದನ್ನು ಇಲ್ಲಿ ಹೇಳದಿದ್ದರೆ ತಪ್ಪಾದೀತು. ಕೊಡೆಯಾಕಾರದ ಅಸಿಟಾಬ್ಯುಲೇರಿಯಾ ಪಾಚಿ ಕ್ಲೋರೈಡ್ ಅನ್ನು ಎಟಿಪಿ ಖರ್ಚುಮಾಡಿ ಒಳಕ್ಕೆ ತಳ್ಳುವುದರಿಂದಲೇ ಮೈನಸ್ 170ರಷ್ಟು ವಿಭವವನ್ನು ಕಟ್ಟಿಕೊಳ್ಳುತ್ತದೆ. ಋಣಾವೇಶ ಒಳಗೆ ಹೋದರೂ ಒಂದೇ, ಧನಾವೇಶ ಹೊರಗೆ ಹೋದರೂ ಒಂದೇ. ವೋಲ್ಟ್ ಅಳೆಯುವ ಸಾಧನಕ್ಕೆ ವ್ಯತ್ಯಾಸ ತಿಳಿಯದು.

ಈಗ ಲೆಕ್ಕ. ಝೋಸ್ಟೆರಾದ ಕೋಶದ್ರವ್ಯದಲ್ಲಿ ಸೋಡಿಯಂ ಸುಮಾರು 10 ಮಿಲಿಮೋಲಾರ್, ಹೊರಗೆ 470. ಸಾಂದ್ರತೆಯಲ್ಲಿ ಹತ್ತು ಪಟ್ಟು ವ್ಯತ್ಯಾಸವಿದ್ದರೆ ಅದು 58 ಮಿಲಿವೋಲ್ಟಿಗೆ ಸಮ ಎಂಬ ನರ್ನ್‌ಸ್ಟ್ ಸೂತ್ರದ ಪ್ರಕಾರ ನಲವತ್ತೇಳು ಪಟ್ಟು ವ್ಯತ್ಯಾಸವೆಂದರೆ 97 ಮಿಲಿವೋಲ್ಟ್. ಒಳಗಿನ ಋಣಾವೇಶವೂ ಸೋಡಿಯಂ ಅನ್ನು ಒಳಕ್ಕೇ ಎಳೆಯುವುದರಿಂದ ಅದರ 155 ಸೇರಿಸಿದರೆ, ಒಂದೊಂದು ಸೋಡಿಯಂ ಅಯಾನಿನ ಬೆನ್ನ ಹಿಂದೆ 250 ಮಿಲಿವೋಲ್ಟಿನ ನೂಕುಬಲವಿದೆ. ಪ್ರೋಟಾನಿನ ಸ್ಥಿತಿ ಅಷ್ಟು ಚೆನ್ನಾಗಿಲ್ಲ. ಕಡಲನೀರಿನ ಪಿಎಚ್ 8.1, ಕೋಶದ್ರವ್ಯದ್ದು 7.3ರ ಸುತ್ತಮುತ್ತ, ಅಂದರೆ ಪ್ರೋಟಾನುಗಳು ಒಳಗೇ ಹೆಚ್ಚು, ಸಾಂದ್ರತೆಯ ಇಳಿಜಾರು ಹೊರಮುಖವಾಗಿದೆ. 155ರಲ್ಲಿ 46ನ್ನು ಕಳೆದರೆ ಪ್ರೋಟಾನಿಗೆ ಉಳಿಯುವುದು 110 ಮಾತ್ರ. ಅದೂ ಅಲ್ಲದೆ ಕಡಲನೀರಿನಲ್ಲಿ ಪ್ರೋಟಾನುಗಳ ಸಾಂದ್ರತೆ ಎಂಟು ನ್ಯಾನೋಮೋಲಾರ್. ಒಂದು ಪ್ರೋಟಾನಿಗೆ ಸುಮಾರು ಆರು ಕೋಟಿ ಸೋಡಿಯಂ ಅಯಾನುಗಳು. ನೆಲದ ಮೇಲೆ ಆಮ್ಲೀಯ ತೇವಾಂಶದಲ್ಲಿ ಬೇರುಬಿಟ್ಟ ಸಸ್ಯಕ್ಕೆ ಪ್ರೋಟಾನ್ ಒಳ್ಳೆಯ ಸಂಗಾತಿಯಾಗಿತ್ತು. ಕಡಲಿನಲ್ಲಿ ಅದು ದುರ್ಬಲ, ಅಪರೂಪ. ಸೋಡಿಯಂ ಬಲಶಾಲಿ, ಧಾರಾಳ.

ಆ ಬಲವನ್ನು ಹುಲ್ಲು ಬಳಸುವುದು ಆಹಾರ ಹುಡುಕುವಲ್ಲಿ. ಬೆಳಕು ಬೀಳುವ ಮೇಲ್ಪದರದ ಕಡಲನೀರಿನಲ್ಲಿ ನೈಟ್ರೇಟ್ ಎಷ್ಟೋ ವೇಳೆ ಒಂದೆರಡು ಮೈಕ್ರೋಮೋಲಾರ್ ಕೂಡ ಇರುವುದಿಲ್ಲ. ಕೋಶದೊಳಗೆ ಅದು ಮಿಲಿಮೋಲಾರ್ ಮಟ್ಟದಲ್ಲಿರುತ್ತದೆ. ಸಾವಿರ ಪಟ್ಟು ಏರು ಎಂದರೆ 174 ಮಿಲಿವೋಲ್ಟ್. ನೈಟ್ರೇಟ್ ಸ್ವತಃ ಋಣಾವೇಶದ್ದಾದ್ದರಿಂದ ಒಳಗಿನ ಋಣಾವೇಶ ಅದನ್ನು ಹೊರದಬ್ಬುತ್ತದೆ, ಅದರ 155 ಬೇರೆ. ಒಟ್ಟು 330 ಮಿಲಿವೋಲ್ಟಿನ ಏರು. ಒಂದು ಸೋಡಿಯಂ ಜೊತೆಗೂಡಿದರೆ 250 ಸಿಕ್ಕುತ್ತದೆ, ಸಾಲದು. ಎರಡು ಸೇರಿದರೆ 500, ಧಾರಾಳವಾಗಿ ಸಾಕು. ಪ್ರೋಟಾನುಗಳಿಂದಲೇ ಈ ಕೆಲಸ ಆಗಬೇಕಾಗಿದ್ದರೆ ಮೂರು ಕೂಡಿದರೂ 330ಕ್ಕೆ ತಾಗಿ ನಿಲ್ಲುತ್ತಿತ್ತು. ನೆಲದ ಸಸ್ಯಗಳು ನೈಟ್ರೇಟನ್ನು ಪ್ರೋಟಾನಿನ ಜೊತೆ ಒಳತಂದುಕೊಳ್ಳುತ್ತವೆ. ಝೋಸ್ಟೆರಾ ಸೋಡಿಯಂ ಜೊತೆ ತರುತ್ತದೆ. ಫಾಸ್ಫೇಟಿನ ವಿಷಯದಲ್ಲೂ ಹೀಗೆಯೇ. ಹೂಬಿಡುವ ಸಸ್ಯಗಳಲ್ಲಿ ಸೋಡಿಯಂ ಅನ್ನು ಹೀಗೆ ದುಡಿಸಿಕೊಳ್ಳುವುದು ತೀರ ವಿರಳ.

ಕೆಲಸ ಮುಗಿಸಿದ ಸೋಡಿಯಂ ಒಳಗೆ ಕೂತರೆ ಮಾತ್ರ ಅನರ್ಥ. ಅದನ್ನು ಮತ್ತೆ ಹೊರಹಾಕಲೇಬೇಕು, ಇಲ್ಲದಿದ್ದರೆ ಇಳಿಜಾರೂ ಸಮತಟ್ಟಾಗುತ್ತದೆ, ಕಿಣ್ವಗಳೂ ಕೆಡುತ್ತವೆ. ಪಠ್ಯಪುಸ್ತಕಗಳಲ್ಲಿ ಇದಕ್ಕೆ ಸಿದ್ಧ ಉತ್ತರವಿದೆ: ಪೊರೆಯಲ್ಲಿರುವ ವಿನಿಮಯ ಪ್ರೋಟೀನ್ ಒಂದು ಪ್ರೋಟಾನ್ ಅನ್ನು ಒಳಬಿಟ್ಟುಕೊಂಡು ಒಂದು ಸೋಡಿಯಂ ಅನ್ನು ಹೊರಬಿಡುತ್ತದೆ. ಈ ವಾಕ್ಯವನ್ನು ನಾನೂ ವರ್ಷಗಟ್ಟಲೆ ಬರೆದಿದ್ದೇನೆ, ಪಾಠದಲ್ಲಿ ಹೇಳಿದ್ದೇನೆ. ಒಂದು ದಿನ ಹಾಳೆಯ ಮೇಲೆ ಅಂಕಿ ಹಾಕಿ ನೋಡಿದಾಗ ಅದು ಕಡಲಿನಲ್ಲಿ ನಡೆಯಲಾರದು ಎಂಬುದು ಗೊತ್ತಾಗಿ ನಾಚಿಕೆಯಾಯಿತು. ಒಂದಕ್ಕೆ ಒಂದರ ವಿನಿಮಯದಲ್ಲಿ ಆವೇಶ ಅತ್ತಿತ್ತ ಆಗುವುದಿಲ್ಲವಾದ್ದರಿಂದ ಆ 155 ಮಿಲಿವೋಲ್ಟಿನ ಸಹಾಯ ಸಿಕ್ಕುವುದಿಲ್ಲ. ಪಿಎಚ್ ವ್ಯತ್ಯಾಸ ಒಂದೇ ಗತಿ. ಅದಾದರೋ ಕಡಲಿನಲ್ಲಿ ಉಲ್ಟಾ ದಿಕ್ಕಿಗಿದೆ. ನಲವತ್ತೇಳು ಪಟ್ಟಿನ ವಿರುದ್ಧ ಸೋಡಿಯಂ ಅನ್ನು ಹೊರತಳ್ಳಬೇಕಾದರೆ ಪೊರೆಯ ಹೊರಮೈಯ ಪಿಎಚ್ ಕೋಶದ್ರವ್ಯಕ್ಕಿಂತ 1.7ರಷ್ಟು ಕೆಳಗಿರಬೇಕು, ಅಂದರೆ 5.6, ಕಡಲಿನದ್ದು 8.1.

ಉಷ್ಣಬಲದ ನಿಯಮಗಳು ಇಲ್ಲಿ ಎರಡೇ ದಾರಿ ಬಿಡುತ್ತವೆ. ಒಂದು ಸೋಡಿಯಂಗೆ ಮೂರು ಪ್ರೋಟಾನ್ ತೆತ್ತರೆ 330 ಮಿಲಿವೋಲ್ಟ್ ಸಿಕ್ಕಿ ಕೆಲಸವಾಗುತ್ತದೆ, ಆದರೆ ಪಂಪ್ ಮೂರು ಪಟ್ಟು ದುಡಿಯಬೇಕು. ಇಲ್ಲವೇ ಪೊರೆಗೆ ಅಂಟಿಕೊಂಡ ಕೋಶಭಿತ್ತಿಯ ತೆಳುಪದರವನ್ನು ಮಾತ್ರ ಆಮ್ಲೀಯವಾಗಿ ಇಟ್ಟುಕೊಳ್ಳಬೇಕು. ಎರಡನೆಯದು ಹುಲ್ಲಿಗೆ ಹೊಸ ಕೆಲಸವಲ್ಲ ಎಂಬುದು ಇಂಗಾಲದ ಕಡೆಯಿಂದ ಗೊತ್ತಾಗಿದೆ. ಕಡಲನೀರಿನಲ್ಲಿ ಕರಗಿದ ಇಂಗಾಲದ ಡೈಆಕ್ಸೈಡ್ ಹತ್ತು ಹದಿನೈದು ಮೈಕ್ರೋಮೋಲಾರ್ ಮಾತ್ರ, ಅದೂ ಗಾಳಿಗಿಂತ ನೀರಿನಲ್ಲಿ ಹತ್ತು ಸಾವಿರ ಪಟ್ಟು ನಿಧಾನವಾಗಿ ಹರಡುತ್ತದೆ. ಬೈಕಾರ್ಬನೇಟ್ ಮಾತ್ರ ಎರಡು ಮಿಲಿಮೋಲಾರ್‌ನಷ್ಟು ಹೇರಳ. ಹೊರತಳ್ಳಿದ ಪ್ರೋಟಾನುಗಳು ಗೋಡೆಯಲ್ಲೇ ನಿಂತು ಬೈಕಾರ್ಬನೇಟನ್ನು ಡೈಆಕ್ಸೈಡಾಗಿ ಮಾರ್ಪಡಿಸುತ್ತವೆ, ಅದು ಪೊರೆಯನ್ನು ಸಲೀಸಾಗಿ ದಾಟುತ್ತದೆ. ನೀರಿಗೆ ಟ್ರಿಸ್ ಎಂಬ ಬಫರ್ ಬೆರೆಸಿ ಆ ಆಮ್ಲವನ್ನು ಹೀರಿಸಿಬಿಟ್ಟರೆ, ನೀರಿನ ಪಿಎಚ್ ಬದಲಾಗದಿದ್ದರೂ ಝೋಸ್ಟೆರಾದ ದ್ಯುತಿಸಂಶ್ಲೇಷಣೆ ಕುಸಿಯುತ್ತದೆ. ಗೋಡೆಯೊಳಗೆ ಕಡಲಿಗಿಂತ ಬೇರೆಯೇ ಆದ ಒಂದು ಪುಟ್ಟ ವಾತಾವರಣವಿದೆ ಎಂಬುದಕ್ಕೆ ಇದಕ್ಕಿಂತ ನೇರವಾದ ಪುರಾವೆ ಬೇಕಿಲ್ಲ. ಹೀಗಾಗಿ ಪ್ರೋಟಾನ್ ಪಂಪನ್ನು ಬರೀ ವಿಭವ ಕಟ್ಟುವ ಯಂತ್ರವೆಂದು ನೋಡುವುದು ಸಾಲದು ಎನ್ನುವುದು ನನ್ನ ಅಭಿಪ್ರಾಯ. ಗೋಡೆಯ ಹವೆಯನ್ನು ಕಾಯುವುದೂ ಅಷ್ಟೇ ಮುಖ್ಯವಾದ ಕೆಲಸ.

ಪಾಚಿಗಳಲ್ಲಿ ಹಲವಕ್ಕೆ ಈ ಪೇಚಾಟವಿಲ್ಲ. ಟೆಟ್ರಾಸೆಲ್ಮಿಸ್‌ನಂಥ ಒಂಟಿಕೋಶದ ಪಾಚಿಯಲ್ಲಿ ಎಟಿಪಿಯನ್ನು ಒಡೆದು ಸೋಡಿಯಂ ಅನ್ನೇ ನೇರವಾಗಿ ಹೊರದಬ್ಬುವ ಪಂಪ್ ಇದೆ; ಪೊರ್ಫೈರಾ ಎಂಬ ಕೆಂಪು ಪಾಚಿಯಲ್ಲಂತೂ ಪ್ರಾಣಿಗಳ ಸೋಡಿಯಂ-ಪೊಟ್ಯಾಸಿಯಂ ಪಂಪನ್ನೇ ಹೋಲುವ ವಂಶವಾಹಿ ಸಿಕ್ಕಿದೆ. ಒಂದು ಎಟಿಪಿ ಒಡೆದಾಗ ಸಿಗುವ ಶಕ್ತಿ ಒಂದು ಆವೇಶಕ್ಕೆ ಸುಮಾರು 500 ಮಿಲಿವೋಲ್ಟಿನಷ್ಟು. 250ರ ಏರಿಗೆ ಅದು ಸಾಕೇ ಸಾಕು. ಇಂಥ ಸೋಡಿಯಂ ಪಂಪ್ ನೆಲದ ಹಾವಸೆಗಳಲ್ಲಿ (ಮಾಸ್) ಇಂದಿಗೂ ಇದೆ, ಹೂಬಿಡುವ ಸಸ್ಯಗಳ ವಂಶ ಅದನ್ನು ಕಳೆದುಕೊಂಡಿತು. ಕಡಲಿಗೆ ಮರಳಿದ ಹುಲ್ಲಿಗೆ, ಎಲ್ಲರಿಗಿಂತ ಹೆಚ್ಚು ಬೇಕಾಗಿದ್ದ ಸಲಕರಣೆಯೇ ಪಿತ್ರಾರ್ಜಿತದಲ್ಲಿ ಬಂದಿರಲಿಲ್ಲ.

ಸೋಡಿಯಂ ನಿಜಕ್ಕೂ ನೈಟ್ರೇಟಿನ ಜೊತೆಗೇ ಬರುತ್ತದೆ ಎಂದು ತಿಳಿಯುವುದು ಹೇಗೆ? ಮತ್ತೆ ಅದೇ ಗಾಜಿನ ಸೂಜಿ. ಎಲೆಗಳನ್ನು ಕೆಲವು ದಿನ ನೈಟ್ರೇಟ್ ಇಲ್ಲದ ನೀರಿನಲ್ಲಿ ಹಸಿವಿಗೆ ಬಿಟ್ಟು, ಸೋಡಿಯಂ ಒಂದನ್ನು ಮಾತ್ರ ಬಿಟ್ಟು ಉಳಿದೆಲ್ಲ ಇರುವ ಕೃತಕ ಕಡಲನೀರಿನಲ್ಲಿ ಎಲೆಯ ತುಂಡನ್ನಿಟ್ಟು, ಸೂಜಿ ಚುಚ್ಚಿ, ಗೆರೆ ನೆಲೆಗೊಳ್ಳುವವರೆಗೆ ಕಾಯುತ್ತೇವೆ. ಅನಂತರ ನೈಟ್ರೇಟ್ ಬೆರೆತ ನೀರನ್ನು ಹರಿಸುತ್ತೇವೆ. ಏನೂ ಆಗುವುದಿಲ್ಲ, ಗೆರೆ ನೇರವಾಗಿ ಸಾಗುತ್ತಲೇ ಇರುತ್ತದೆ. ನೈಟ್ರೇಟನ್ನು ತೊಳೆದು, ಸೋಡಿಯಂ ಇರುವ ನೀರಿಗೆ ಬದಲಾಯಿಸಿ, ಮತ್ತೆ ನೆಲೆಗೊಳ್ಳಲು ಬಿಟ್ಟು, ಮೊದಲಿನಷ್ಟೇ ನೈಟ್ರೇಟನ್ನು ಎರಡನೆಯ ಸಲ ಹರಿಸುತ್ತೇವೆ. ಒಂದು ಋಣಾವೇಶದ ಜೊತೆ ಎರಡು ಧನಾವೇಶ ಒಳಬಂದರೆ ಒಂದು ಧನಾವೇಶ ಉಳಿಯಬೇಕು, ಆಗ ವಿಭವ ಸೊನ್ನೆಯ ಕಡೆಗೆ ಸರಿಯಬೇಕು. ಮೊದಲ ಸಲ ಇದನ್ನು ಮಾಡಿದ ಸಂಜೆ ನಾನು ಕೋಣೆಯ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಕೊಂಡಿದ್ದೆ. ನಲ್ಲಿ ತಿರುಗಿಸಿ ಅರೆ ನಿಮಿಷವೂ ಕಳೆದಿರಲಿಲ್ಲ. ಗೆರೆ ತಲೆ ಎತ್ತಿ, ಕೆಲವು ಮಿಲಿವೋಲ್ಟ್ ಮೇಲೇರಿ, ಅಲ್ಲೊಂದು ದುಂಡನೆಯ ದಿಬ್ಬ ಬರೆದು, ಪಂಪ್ ಹಿಡಿತಕ್ಕೆ ತೆಗೆದುಕೊಂಡಂತೆ ನಿಧಾನವಾಗಿ ಇಳಿಯತೊಡಗಿತು.